ಕೂಸನ್ನು ಬೆಚ್ಚಗಿಡಿ

ಹದಿನಾಲ್ಕು ವರ್ಷ ನಾನು ಈ ಊರಿನ ಮನೆಮನೆಗೆ ಹೋಗಿ ಹೇಳಿದ ಮಾತುಗಳಲ್ಲಿ ಜನ ತಪ್ಪದೆ ಪಾಲಿಸಿದ್ದು ಒಂದನ್ನೇ. ಕೂಸನ್ನು ಬೆಚ್ಚಗಿಡಿ ಎಂಬ ಮಾತು. ಉಳಿದದ್ದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಟ್ಟರೆ ಗೂಡಿನಲ್ಲಿ ದೇವರ ಪಟದ ಹಿಂದೆ ಇಟ್ಟು ಮರೆತರು. ಎರಡು ಹೆರಿಗೆಯ ನಡುವೆ ಅಂತರ ಇರಲಿ ಎಂದರೆ ಬಾಯಿಗೆ ಸೆರಗು ಹಿಡಿದು ನಕ್ಕರು. ಬೆಚ್ಚಗಿಡಿ ಎಂದಾಗ ಮಾತ್ರ ತಲೆ ಆಡಿಸಿದರು, ಯಾಕೆಂದರೆ ಅದನ್ನು ಅವರ ಮನೆಯ ಮುದುಕಿಯರೂ ಹೇಳುತ್ತಿದ್ದರು.

ನಾನು ಜಗಳೂರು ತಾಲ್ಲೂಕಿನ ಒಂದು ಸಣ್ಣ ಊರಿನ ಆಶಾ ಕಾರ್ಯಕರ್ತೆ. ನನ್ನ ಹೆಸರು ಊರಿಗೆ ಮರೆತು ಎಷ್ಟೋ ಕಾಲವಾಯಿತು, ಎಲ್ಲರಿಗೂ ನಾನು ಆಶಾ ಅಕ್ಕ. ಗಂಡ ಪರಶುರಾಮ್ ಪಂಚಾಯಿತಿಯ ನೀರುಗಂಟಿ, ಓಣಿ ಓಣಿಗೆ ನಲ್ಲಿ ನೀರು ಬಿಡುವ ಕೆಲಸ. ಮನೆಯಲ್ಲಿ ನಮ್ಮಿಬ್ಬರನ್ನೂ ಆಳುವವರು ಅತ್ತೆ ಅಂತರಘಟ್ಟಮ್ಮ. ಎಪ್ಪತ್ತು ದಾಟಿದ್ದಾರೆ, ಬೆನ್ನು ಬಾಗಿಲ್ಲ, ಮಾತು ಅದಕ್ಕಿಂತ ಬಾಗಿಲ್ಲ.

ಈ ವರ್ಷದ ಏಪ್ರಿಲ್ ತಿಂಗಳಲ್ಲಿ ನಮ್ಮ ಒಬ್ಬಳೇ ಮಗಳು ಧನುಶ್ರೀ ಚೊಚ್ಚಲ ಹೆರಿಗೆಗೆ ಬಂದಳು. ಅವಳನ್ನು ಕೊಟ್ಟಿರುವುದು ನ್ಯಾಮತಿ ಕಡೆಯ ಗೋವಿನಕೋವಿಗೆ. ಅಳಿಯ ಪ್ರಸನ್ನಕುಮಾರ್ ಎರಡು ಸಲ ಫೋನ್ ಮಾಡಿದ್ದ. ನಿಮ್ಮ ಕಡೆ ಬಿಸಿಲು ಬಹಳ, ಇಲ್ಲಿ ಮನೆ ಹಿಂದೆ ಮರಗಳಿವೆ, ಗಾಳಿ ಆಡುತ್ತದೆ, ಬಾಣಂತನ ಇಲ್ಲೇ ಆಗಲಿ ಎಂದ. ನನಗೆ ರೇಗಿತು. ಚೊಚ್ಚಲ ಬಾಣಂತನ ಮಾಡಲಾಗದಷ್ಟು ಗತಿಗೆಟ್ಟಿದ್ದೇವೆಯೇ ನಾವು ಎಂದು ಕೇಳಿದೆ. ಪಾಪ, ಹುಡುಗ ಸುಮ್ಮನಾದ. ಸುಮ್ಮನಾಗದೆ ನನ್ನೊಂದಿಗೆ ಜಗಳ ಆಡಬೇಕಿತ್ತು ಅವನು.

ನನ್ನ ಜಂಭಕ್ಕೆ ಕಾರಣವಿತ್ತು. ಮಗಳ ಬಾಣಂತನಕ್ಕೆಂದೇ ಹೊಸ ಕೋಣೆ ಕಟ್ಟಿಸಿದ್ದೆವು. ಸಿಮೆಂಟಿನ ತಾರಸಿ, ನೆಲಕ್ಕೆ ಟೈಲ್ಸು, ಬೀದಿಗೆ ಒಂದು ಕಿಟಕಿ. ಅದು ಎದ್ದಿರುವ ಜಾಗದಲ್ಲಿ ಬೇವಿನ ಮರವಿತ್ತು, ನಮ್ಮ ಮಾವನವರು ನೆಟ್ಟದ್ದು. ಪರಶುರಾಮ್ ಕೋಣೆಯನ್ನು ನಾಲ್ಕು ಅಡಿ ಆಚೆಗೆ ಸರಿಸೋಣ, ಮರ ಇರಲಿ ಎಂದರು. ನಾನು ಒಪ್ಪಲಿಲ್ಲ. ತಾರಸಿ ತುಂಬ ಎಲೆ ಉದುರುತ್ತದೆ, ಕಾಗೆ ಹೇಸಿಗೆ ಮಾಡುತ್ತವೆ, ದಿನಾ ಗುಡಿಸುವವರು ಯಾರು ಎಂದೆ. ಮರ ಕಡಿಸಿ, ಸೌದೆ ಒಡೆಸಿ, ಹಿತ್ತಿಲಲ್ಲಿ ಒಪ್ಪವಾಗಿ ಒಟ್ಟಿದೆವು. ಬಾಣಂತಿಗೆ ನೀರು ಕಾಯಿಸಲು ಆಯಿತು ಎಂದು ನಾನೇ ಹೇಳಿದ್ದು, ನಗುತ್ತಾ.

ಮನೆಯ ಹಿಂಭಾಗದಲ್ಲಿ ಹಳೆಯ ಮಾಳಿಗೆ ಮನೆ ಹಾಗೇ ಉಳಿದಿತ್ತು. ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ತೊಲೆ ಜೋಡಿಸಿ ಮಣ್ಣು ಹೊದಿಸಿದ ಮಾಳಿಗೆ. ಅಲ್ಲಿ ನಾಲ್ಕು ಆಡು ಕಟ್ಟುತ್ತಿದ್ದೆವು. ಅತ್ತೆ ಮಧ್ಯಾಹ್ನ ಚಾಪೆ ತೆಗೆದುಕೊಂಡು ಹೋಗಿ ಅಲ್ಲೇ ಮಲಗುತ್ತಿದ್ದರು. ಟೈಲ್ಸ್ ಬಿಟ್ಟು ಹಿಕ್ಕೆಯಲ್ಲಿ ಹೊರಳಾಡುತ್ತೀರಲ್ಲ ಎಂದು ನಾನು ಛೇಡಿಸಿದರೆ, ಅಲ್ಲಿ ನಿದ್ದೆ ಹತ್ತುತ್ತದೆ ಎನ್ನುತ್ತಿದ್ದರು. ಯಾಕೆ ಹತ್ತುತ್ತದೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ.

ಧನುಶ್ರೀಗೆ ಹೆಣ್ಣು ಕೂಸು ಹುಟ್ಟಿತು. ಎರಡೂ ಮುಕ್ಕಾಲು ಕೆಜಿ, ತಲೆ ತುಂಬ ಕೂದಲು. ಮೂರನೆಯ ದಿನ ಆಸ್ಪತ್ರೆಯಿಂದ ಕರೆತಂದು ಹೊಸ ಕೋಣೆಗೆ ಇಳಿಸಿದೆವು. ಅತ್ತೆ ಆವತ್ತೇ ಕೆಂಡ ಹೂಡಿದರು.

ಬಾಣಂತಿ ಕೆಂಡ ನಮ್ಮ ಕಡೆ ಇಂದಿಗೂ ಇದೆ. ತಾರಸಿ ಕೆಲಸದವರು ಬಿಟ್ಟುಹೋಗಿದ್ದ ಕಬ್ಬಿಣದ ಬಾಂಡ್ಲಿಯಲ್ಲಿ ಕೆಂಡ ತುಂಬಿ ಮಂಚದ ಕೆಳಗೆ ಇಡುವುದು. ಮೇಲೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸುವುದು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ. ಕೂಸಿಗೆ ಉಣ್ಣೆಯ ಟೋಪಿ, ಎರಡು ಸುತ್ತು ದುಪ್ಪಟಿ. ಕಿಟಕಿಗೆ ಕಂಬಳಿ. ನೀರು ಅಳತೆಯಲ್ಲಿ, ಇಲ್ಲದಿದ್ದರೆ ಮೈ ಊದಿಕೊಳ್ಳುತ್ತದೆ. ಆ ಕೆಂಡವನ್ನು ನೀರು ಹೊಯ್ದು ಆರಿಸಬಾರದು, ತಾನಾಗಿ ಬೂದಿಯಾಗಬೇಕು. ನೀರು ಹೊಯ್ದರೆ ಆ ಮನೆಯ ಬಾಣಂತನ ಕೆಟ್ಟಿತೆಂದು ಲೆಕ್ಕ.

ಆವತ್ತಿನ ಬಿಸಿಲು ನಲವತ್ತೊಂದು ಡಿಗ್ರಿ. ಅಷ್ಟು ಕೆಂಡ ಬೇಡ ಎಂದು ನಾನು ಹೇಳಿದೆ. ಹೇಳಿದೆ ಅಷ್ಟೆ, ತಡೆಯಲಿಲ್ಲ. ಅತ್ತೆಯ ಮುಂದೆ ಕೆಂಡದ ವಿಚಾರ ತೆಗೆಯುವುದು ಸುಲಭವಲ್ಲ. ಅವರು ಹೆತ್ತದ್ದು ನಾಲ್ಕು. ಮೊದಲಿನ ಎರಡು ಕೂಸು ಮಳೆಗಾಲದಲ್ಲಿ, ಸೋರುವ ಗುಡಿಸಲಿನಲ್ಲಿ, ಶೀತ ಹತ್ತಿ ಹೋದವು. ಮೂರನೆಯದಕ್ಕೆ ಯಾರೋ ಮುದುಕಿ ಬಂದು ಮಂಚದ ಕೆಳಗೆ ಕೆಂಡ ಇಟ್ಟಳಂತೆ. ಆ ಮೂರನೆಯದೇ ನನ್ನ ಗಂಡ. ಗಂಡನ ಜೀವ ಉಳಿಸಿದ ಕೆಂಡವನ್ನು ಸುಳ್ಳು ಎನ್ನುವುದು ಹೇಗೆ? ಸುಳ್ಳೂ ಅಲ್ಲ ಅದು. ಆ ಕಾಲಕ್ಕೆ, ಆ ಚಳಿಗೆ ನಿಜವೇ ಆಗಿತ್ತು.

ಏಳನೆಯ ದಿನ ನಾನು ಆಶಾ ಆಗಿ ನನ್ನ ಮನೆಗೇ ಭೇಟಿ ಕೊಟ್ಟೆ. ಕೂಸನ್ನು ತೂಗಿದೆ. ಹುಟ್ಟಿದಾಗಿನ ತೂಕಕ್ಕಿಂತ ಸ್ವಲ್ಪ ಇಳಿದಿತ್ತು, ಮೊದಲ ವಾರ ಇಳಿಯುವುದುಂಟು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆ. ತೊಂಬತ್ತೊಂಬತ್ತು ಪಾಯಿಂಟ್ ಎಂಟು. ತೊಂಬತ್ತೊಂಬತ್ತು ದಾಟಿದರೆ ಜ್ವರ ಎಂದು ಬರೆಯಬೇಕು. ಕೂಸನ್ನು ಪಡಸಾಲೆಗೆ ತಂದು, ಟೋಪಿ ತೆಗೆದು, ಹತ್ತು ನಿಮಿಷ ಬಿಟ್ಟು ಮತ್ತೆ ಇಟ್ಟೆ. ತೊಂಬತ್ತೆಂಟು ಪಾಯಿಂಟ್ ಎಂಟು. ಸದ್ಯ, ಜ್ವರ ಇಲ್ಲ ಎಂದುಕೊಂಡು ಅದನ್ನೇ ಬರೆದೆ. ಮಾತು ಬಾರದ ಕೂಸು ತನಗೆ ಏನು ಬೇಕಾಗಿದೆ ಎಂದು ಅದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿರಲಿಲ್ಲ. ನನಗೆ ಕೇಳಿಸಲಿಲ್ಲ.

ಫಾರಂನಲ್ಲಿ ಒಂದು ಪ್ರಶ್ನೆ ಇದೆ. ಮಗುವನ್ನು ಬೆಚ್ಚಗೆ ಇಡಲಾಗಿದೆಯೇ? ಹೌದು ಎಂಬಲ್ಲಿ ಗೀಟು ಹಾಕಿ ಕೂಸನ್ನು ಮತ್ತೆ ಒಳಗೆ ಮಲಗಿಸಿದೆ.

ಆ ಹೊತ್ತಿಗೆ ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ಮೇಘಶ್ರೀ ಎಂಬ ಹುಡುಗಿಯೂ ಹೆತ್ತಳು. ಗಂಡು ಕೂಸು. ತಗಡಿನ ಮನೆ ಅವರದು. ಅವಳ ತಾಯಿ ಬಂದು ಅತ್ತೆಯ ಕೈಯಿಂದಲೇ ಕೆಂಡ ಬೇಕೆಂದು ಕೇಳಿದಳು. ಒಳ್ಳೆಯದಾಗಿ ನಡೆಯುತ್ತಿರುವ ಬಾಣಂತಿ ಕೆಂಡದಿಂದ ಇನ್ನೊಂದು ಮನೆಯ ಕೆಂಡ ಹಚ್ಚುವುದು ನಮ್ಮ ಓಣಿಯ ವಾಡಿಕೆ. ಅತ್ತೆ ನಮ್ಮ ಬಾಂಡ್ಲಿಯಿಂದ ನಾಲ್ಕು ಕೆಂಡ ಒಡೆದ ಮಡಕೆಯ ಬೋಕಿಯಲ್ಲಿ ತೆಗೆದುಕೊಂಡು ಹೋಗಿ ಹೂಡಿಕೊಟ್ಟರು. ನಾನು ಹಿಂದೆಯೇ ಹೋಗಿ ಕೂಸನ್ನು ನೋಡಿ ನನ್ನ ಮಾಮೂಲಿ ಮಾತನ್ನು ಹೇಳಿ ಬಂದೆ. ಬೆಚ್ಚಗಿಡಿ.

ಹನ್ನೆರಡನೆಯ ದಿನ ಊರಿಗೆ ಕರೆಂಟು ಕೊಡುವ ಟಿಸಿ ಸುಟ್ಟಿತು. ಎಲ್ಲರ ಮನೆಯಲ್ಲೂ ಫ್ಯಾನು, ಕೂಲರು, ಅದು ತಾನೆ ಎಷ್ಟು ತಡೆದೀತು. ಹೊಸ ಟಿಸಿ ಬರಲು ಮೂರು ದಿನ ಎಂದರು. ಅಲ್ಲಿಯವರೆಗೆ ಅತ್ತೆ ಮಲಗಿದ ಮೇಲೆ ನಾನು ಕದ್ದುಮುಚ್ಚಿ ಹಾಕುತ್ತಿದ್ದ ಫ್ಯಾನೂ ನಿಂತಿತು. ಧನುಶ್ರೀಗೆ ಹಾಲು ಸಾಲುತ್ತಿರಲಿಲ್ಲ. ಬಾಯಿ ಒಣಗುತ್ತದೆ ಅಮ್ಮ ಎನ್ನುತ್ತಿದ್ದಳು. ನಾನು ಸೆರಗಿನ ಮರೆಯಲ್ಲಿ ಚೊಂಬು ಒಯ್ದು ಕುಡಿಸುತ್ತಿದ್ದೆ. ನನ್ನ ಮನೆಯಲ್ಲಿ ನನ್ನ ಮಗಳಿಗೆ ನೀರು ಕೊಡಲು ನಾನು ಕಳ್ಳಿಯಂತೆ ಹೋಗುತ್ತಿದ್ದೆ, ಮತ್ತು ಅದನ್ನೇ ದೊಡ್ಡ ಧೈರ್ಯ ಎಂದುಕೊಂಡಿದ್ದೆ.

ಹದಿನಾಲ್ಕನೆಯ ದಿನ ಜಗಳೂರಿನಲ್ಲಿ ನಮ್ಮ ತಿಂಗಳ ಸಭೆ. ಆವತ್ತಿನ ವಿಷಯ ಬಿಸಿಲು. ಹನ್ನೆರಡರಿಂದ ಮೂರರವರೆಗೆ ಹೊರಗೆ ತಿರುಗಬೇಡಿ, ನೀರು ಮಜ್ಜಿಗೆ ಕುಡಿಯಿರಿ, ತಾರಸಿಗೆ ಸುಣ್ಣ ಬಳಿಯಿರಿ, ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಡಿ, ಮನೆಯ ಮುಂದೆ ಮರ ಉಳಿಸಿಕೊಳ್ಳಿ. ಎಲ್ಲವನ್ನೂ ಬರೆದುಕೊಂಡೆ. ಹಂಚಲು ಇನ್ನೂರು ಕರಪತ್ರ ಕೊಟ್ಟರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಯಾವ ಓಣಿಯಿಂದ ಶುರು ಮಾಡಲಿ ಎಂದು ಯೋಚಿಸುತ್ತಾ ಬಂದೆ.

ಮನೆ ಮುಟ್ಟಿದಾಗ ಎರಡೂವರೆ. ಕೋಣೆಯ ಬಾಗಿಲು ತಳ್ಳಿದರೆ ಮುಖಕ್ಕೆ ಝಳ ಹೊಡೆಯಿತು. ಮಂಚದ ಕೆಳಗೆ ಒಂದಲ್ಲ, ಎರಡು ಬಾಂಡ್ಲಿ. ಬೆಳಿಗ್ಗೆ ಕೂಸು ಎರಡು ಸಲ ಸೀನಿತಂತೆ. ಮೈ ಕಾದಿದೆ, ಶೀತ ಒಳಗೆ ಇಳಿದಿದೆ ಎಂದು ಅತ್ತೆ ಇನ್ನೊಂದು ಬಾಂಡ್ಲಿ ಸೇರಿಸಿದ್ದರು. ಬೇವಿನ ಸೌದೆಯ ಕೆಂಡ, ನಿಗಿನಿಗಿ ಉರಿಯುತ್ತಿತ್ತು. ಆ ಮರ ನಿಂತಿದ್ದರೆ ಅದೇ ಹೊತ್ತಿಗೆ ಆ ಜಾಗದಲ್ಲಿ ನೆರಳು ಇರುತ್ತಿತ್ತು. ಧನುಶ್ರೀ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಕರೆದರೆ ನಿಧಾನಕ್ಕೆ ಹೂಂಗುಟ್ಟಿದಳು. ಕೂಸು ಬೆಳಿಗ್ಗೆಯಿಂದ ಎದೆ ಕಚ್ಚಿರಲಿಲ್ಲ. ಒಳ್ಳೆ ನಿದ್ದೆ ಮಾಡಿದೆ, ಅಳಲೇ ಇಲ್ಲ ಎಂದು ಅತ್ತೆ ಸಮಾಧಾನದಿಂದ ಹೇಳಿದರು.

ದುಪ್ಪಟಿಯೊಳಗೆ ಕೈ ಹಾಕಿದೆ. ಕೈ ಹಿಂದಕ್ಕೆ ಬಂತು. ಬಟ್ಟೆ ಒಣಗಿತ್ತು, ಉಚ್ಚೆಯ ಗುರುತೂ ಇಲ್ಲ. ನೆತ್ತಿಯ ಮೆತ್ತನೆಯ ಜಾಗ ಗುಳಿ ಬಿದ್ದಿತ್ತು. ಥರ್ಮಾಮೀಟರ್ ನೂರಾ ನಾಲ್ಕು ತೋರಿಸಿತು.

ಆಂಬುಲೆನ್ಸಿಗೆ ಕಾಯುವ ಧೈರ್ಯ ಬರಲಿಲ್ಲ. ಎದುರು ಮನೆಯ ದುರುಗೇಶ್ ಲಗೇಜ್ ಆಟೋದಿಂದ ಮೆಕ್ಕೆಜೋಳದ ಚೀಲ ಇಳಿಸುತ್ತಿದ್ದ. ಅರ್ಧ ಚೀಲ ಅಲ್ಲೇ ಬಿಟ್ಟು ಗಾಡಿ ತಿರುಗಿಸಿದ. ಧನುಶ್ರೀಯನ್ನು ಮುಂದೆ ಕೂರಿಸಿದೆವು, ನಾನೂ ಅತ್ತೆಯೂ ಹಿಂದೆ ಹತ್ತಿದೆವು. ಅತ್ತೆ ಕೂಸನ್ನು ನನ್ನ ಕೈಗೆ ಕೊಡಲಿಲ್ಲ. ಎದೆಗೆ ಅವಚಿಕೊಂಡು ತಮ್ಮ ಸೆರಗನ್ನೂ ಮೇಲೆ ಹೊದಿಸಿದರು. ನಾನು ಟೋಪಿಗೆ ಕೈ ಹಾಕಿದರೆ ಕೈ ತಳ್ಳಿದರು.

"ಗಾಳಿ ಬಡಿತೈತೆ, ಮುಚ್ಚು" ಎಂದರು.

ಇಪ್ಪತ್ನಾಲ್ಕು ವರ್ಷದಲ್ಲಿ ಅತ್ತೆಗೆ ಎದುರಾಡಿದವಳಲ್ಲ ನಾನು. ಹಿಂದಿನಿಂದ ಗೊಣಗಿದ್ದೇನೆ, ಎದುರಿಗಲ್ಲ. ಆವತ್ತು ಅವರ ಮಣಿಕಟ್ಟು ಹಿಡಿದು ಹೇಳಿದೆ.

"ಅತ್ತೆ, ಅದಕ್ಕೆ ಶೀತ ಆಗಿಲ್ಲ. ಅದು ಬೇಯ್ತೈತೆ. ನಾವಿಬ್ರೂ ಸೇರಿ ಬೇಯಿಸೀವಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಕೂಸಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಕೂತರು. ಎರಡು ಕೂಸು ತಣ್ಣಗಾಗುವುದನ್ನು ಮುಟ್ಟಿ ನೋಡಿದ್ದ ಕೈ ಅದು, ಬಿಸಿ ಎಂದರೆ ಜೀವ ಎಂದೇ ಅದಕ್ಕೆ ಗೊತ್ತು. ಇದ್ದಕ್ಕಿದ್ದಂತೆ ದುಪ್ಪಟಿ ಎಳೆದು ಬಿಸಾಡಿದರು. ಟೋಪಿ ಕಿತ್ತರು. ಬಾಣಂತಿಯ ಹತ್ತಿರ ತಣ್ಣೀರು ಸುಳಿಯಲು ಬಿಡದ ಹೆಂಗಸು ದುರುಗೇಶನ ಬಾಟಲಿ ಕಿತ್ತುಕೊಂಡು ಸೆರಗು ಅದ್ದಿ ಕೂಸಿನ ತಲೆ, ಎದೆ, ಕಾಲು ಒರೆಸಿದರು. ಬಾಟಲಿ ಬರಿದಾಯಿತು. ನೀರು, ನೀರು ಎಂದು ಕೈ ಚಾಚುತ್ತಲೇ ಇದ್ದರು. ದಾರಿಯ ಒಂದು ತೊಟ್ಟಿಯ ಹತ್ತಿರ ದುರುಗೇಶ್ ಗಾಡಿ ನಿಲ್ಲಿಸಿ ತುಂಬಿಕೊಂಡು ಬಂದ. ಅದೂ ಬಿಸಿ ಇತ್ತು. ಬೀಸುತ್ತಿದ್ದ ಗಾಳಿಯೂ ಒಲೆಯ ಮುಂದೆ ಕೂತ ಹಾಗೆ ಬಿಸಿ. ನನ್ನ ಚೀಲದಿಂದ ಕರಪತ್ರದ ಕಟ್ಟು ತೆಗೆದು ಅದರಲ್ಲೇ ಕೂಸಿಗೆ ಬೀಸಿದೆ. ದೇವರೇ, ಇದೊಂದನ್ನು ಉಳಿಸು, ನನ್ನನ್ನು ಏನು ಬೇಕಾದರೂ ಮಾಡು ಎಂದು ದಾರಿಯುದ್ದಕ್ಕೂ ಬೇಡಿದೆ.

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಮುಕ್ಕಾಲು ಗಂಟೆ ಒದ್ದಾಡಿದರು. ಅವರ ಹಣೆಯ ಬೆವರು ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಡುವೆ ಒಂದು ಸಲ ಕೂಸು ಕಣ್ಣು ತೆರೆಯಿತು ಎಂದು ನರ್ಸು ಹೇಳಿದಳು. ನಾನು ನೋಡಲಿಲ್ಲ. ನಾಲ್ಕೂಕಾಲಿಗೆ ಡಾಕ್ಟರಮ್ಮ ಹೊರಗೆ ಬಂದು ಕೋಣೆ ಎಂಥದ್ದು, ಏನು ಹೊದಿಸಿದ್ದಿರಿ ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. ನನ್ನ ಗುಲಾಬಿ ಸೀರೆಯನ್ನೂ ಎದೆಗೆ ಚುಚ್ಚಿಕೊಂಡಿದ್ದ ಗುರುತಿನ ಕಾರ್ಡನ್ನೂ ನೋಡಿ, "ನೀವು ಆಶಾ ಅಲ್ವಾ?" ಎಂದರು. ಅಷ್ಟೇ ಕೇಳಿದ್ದು.

ಧನುಶ್ರೀಯನ್ನು ಅಲ್ಲೇ ಇರಿಸಿಕೊಂಡು ಗ್ಲುಕೋಸ್ ಹಾಕಿದರು. ಮೈಗೆ ನೀರು ಬಿದ್ದ ಮೇಲೆ, ಮರುದಿನ ಬೆಳಿಗ್ಗೆ, ಅವಳಿಗೆ ಹಾಲು ತುಂಬಿ ಬಂತು. ರವಿಕೆ ತೊಯ್ದುಕೊಂಡು ಕೂತಿದ್ದಾಳೆ ಎಂದು ಫೋನಿನಲ್ಲಿ ನರ್ಸು ಹೇಳಿದಾಗ ನಾನು ಕೂಸನ್ನು ಮಣ್ಣು ಮಾಡಿ ಮನೆಗೆ ಬಂದು ಕಾಲು ತೊಳೆಯುತ್ತಿದ್ದೆ. ತೊಳೆಯುತ್ತಿದ್ದ ನೀರನ್ನು ನಿಲ್ಲಿಸಲೂ ತೋಚಲಿಲ್ಲ.

ಅಳಿಯ ಬಂದು ಒಂದು ಹಿಡಿ ಮಣ್ಣು ಹಾಕಿ, ಹೆಂಡತಿಯ ಹತ್ತಿರ ಆಸ್ಪತ್ರೆಗೆ ಹೋದ. ಗೋವಿನಕೋವಿಯ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಉಸಿರಾಡಲು ಆಗುತ್ತಿತ್ತೇನೋ. ಪರಶುರಾಮ್ ಹಿತ್ತಿಲಿಗೆ ಹೋಗಿ ಬೇವಿನ ಸೌದೆಯ ಒಟ್ಟಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವರ ಹತ್ತಿರ ಹೋಗಲು ನನಗೆ ಮುಖವಿರಲಿಲ್ಲ.

ಅತ್ತೆ ಅತ್ತಿರಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತು ಮಂಚದ ಕೆಳಗಿನ ಬೂದಿಯನ್ನು ನೋಡುತ್ತಿದ್ದವರು ಒಮ್ಮೆಲೆ ಯಾರಿಗೂ ಹೇಳದೆ ಕೊಡ ತುಂಬಿಕೊಂಡು ಸೊಂಟದ ಮೇಲಿಟ್ಟು ಬೀದಿಗೆ ಇಳಿದರು. ನಡು ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಇಲ್ಲ. ಸೂತಕದ ಮನೆಯವರು ಮೂರು ದಿನ ಬೇರೆಯವರ ಹೊಸ್ತಿಲು ತುಳಿಯುವಂತಿಲ್ಲ, ಅದರಲ್ಲೂ ಬಾಣಂತಿ ಇರುವ ಮನೆಯ ಹತ್ತಿರ ಸುಳಿಯುವಂತಿಲ್ಲ. ಓಣಿಗೆಲ್ಲ ಅದನ್ನು ಕಲಿಸಿದವರೇ ಅವರು. ಎಲ್ಲಿಗೆ ಹೊರಟರೆಂದು ನನಗೆ ತಿಳಿಯುವ ಹೊತ್ತಿಗೆ ಅವರು ಮೇಘಶ್ರೀಯ ಮನೆಯ ಹೊಸ್ತಿಲು ದಾಟಿದ್ದರು. ಚೀಲ ಎತ್ತಿಕೊಂಡು ಓಡಿದೆ.

ನಾನು ಒಳಗೆ ಕಾಲಿಟ್ಟಾಗ ಅತ್ತೆ ಬಗ್ಗಿ ಮಂಚದ ಕೆಳಗಿನ ಬಾಂಡ್ಲಿಗೆ ಕೊಡ ಬಗ್ಗಿಸುತ್ತಿದ್ದರು. ಚೊಯ್ ಎಂದು ಹೊಗೆ ಎದ್ದು ಕೋಣೆ ತುಂಬಿತು. ಮೇಘಶ್ರೀಯ ತಾಯಿ ಎದೆ ಬಡಿದುಕೊಂಡು ಬಂದಳು. ಸೂತಕದ ಕಾಲಲ್ಲಿ ಬಂದು ಬಾಣಂತಿ ಕೆಂಡಕ್ಕೆ ನೀರು ಹೊಯ್ದೆಯಲ್ಲ, ನಿನ್ನ ಮನೆಯ ಕೂಸನ್ನು ತಿಂದದ್ದು ಸಾಲದಾಯಿತೇ ಎಂದಳು. ಅವಳನ್ನು ನಾನು ದೂರುವುದಿಲ್ಲ, ಆ ಜಾಗದಲ್ಲಿ ನಾನೂ ಅದನ್ನೇ ಅನ್ನುತ್ತಿದ್ದೆ.

ಅತ್ತೆ ಕೊಡದ ಕಡೆಯ ಹನಿಯವರೆಗೂ ಹೊಯ್ದರು. ಸೊಂಟ ಹಿಡಿದು ನೆಟ್ಟಗಾದರು.

"ಇದು ನನ್ ಬೆಂಕಿ ಕಣವ್ವ. ನಾನೇ ತಂದು ಇಟ್ಟಿದ್ದು. ನಾನೇ ತಗಂಡು ಹೋಗ್ತೀನಿ. ಏನ್ ಬೈತೀಯೋ ಬೈಯಿ, ಕೂಸಿನ ಟೋಪಿ ತೆಗಿ."

ಅಷ್ಟು ಹೇಳಿ ಹೊರಗೆ ಹೋಗಿ, ಬಿಸಿಲು ಬೀಳುತ್ತಿದ್ದ ಮೆಟ್ಟಿಲ ಮೇಲೆ ಬರಿಗೊಡ ಇಟ್ಟುಕೊಂಡು ಕೂತರು. ಮೇಘಶ್ರೀಯ ತಾಯಿ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಈಗ ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು.

"ಆಶಾ ಅಕ್ಕ, ನೀವೇ ಬೆಚ್ಚಗಿಡಿ ಅಂದಿದ್ರಲ್ರೀ. ನೀವು ಹೇಳಿದಂಗೇ ಮಾಡೀವಿ."

ಹೌದು, ಹಾಗೆಯೇ ಮಾಡಿದ್ದರು. ಕಿಟಕಿಗೆ ಎರಡು ಕಂಬಳಿ, ಬಾಗಿಲ ಸಂದಿಗೆ ಬಟ್ಟೆ. ಹದಿನಾಲ್ಕು ವರ್ಷದಲ್ಲಿ ನನ್ನ ಮಾತನ್ನು ಇಷ್ಟು ಚಾಚೂ ತಪ್ಪದೆ ಯಾರೂ ಕೇಳಿರಲಿಲ್ಲ.

"ಅಂದಿದ್ದೆ," ಎಂದೆ. "ಈ ಬಿಸಿಲಿಗೆ ಅದು ತಪ್ಪು. ನಂಗೆ ತಿಳೀಲಿಲ್ಲ. ತೆಗೀರಿ ಎಲ್ಲ."

ಅವಳು ಕದಲಲಿಲ್ಲ. ನಾನೇ ಕೂಸಿನ ಟೋಪಿ, ಸ್ವೆಟರು, ದುಪ್ಪಟಿ ಬಿಚ್ಚಿದೆ. ಕಂಬಳಿ ಎಳೆದು ಕಿಟಕಿ ತೆರೆದೆ. ಮೂಲೆಯಲ್ಲಿದ್ದ ಗೋಣಿಚೀಲ ಅದ್ದಿ ಕಿಟಕಿಗೆ ಇಳಿಬಿಟ್ಟೆ. ಮೇಘಶ್ರೀ ಮಂಚದಿಂದ ನನ್ನನ್ನೇ ನೋಡುತ್ತಿದ್ದಳು, ನೀರು ಎಂದು ತುಟಿ ಆಡಿಸಿದಳು. ಎರಡು ಚೊಂಬು ಒಂದೇ ಉಸಿರಿಗೆ ಕುಡಿದಳು. ಕೂಸಿನ ಕಂಕುಳಲ್ಲಿಟ್ಟ ಥರ್ಮಾಮೀಟರ್ ನೂರಾ ಒಂದು ತೋರಿಸಿತು. ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಾ ಕೂತೆ. ನೂರು ಆಯಿತು. ತಲೆಯ ಮೇಲೆ ತಗಡು ಸದ್ದು ಮಾಡಿತು. ನಮ್ಮ ಹಿಂದೆಯೇ ಬಂದಿದ್ದ ಪರಶುರಾಮ್ ಮೇಲೆ ಹತ್ತಿದ್ದರು, ದುರುಗೇಶ್ ಕೆಳಗಿನಿಂದ ಮೆಕ್ಕೆಜೋಳದ ದಂಟಿನ ಹೊರೆ ಎಸೆಯುತ್ತಿದ್ದ. ದಂಟು ಹೊದಿಸಿ ಅದರ ಮೇಲೆ ನೀರು ಚಿಮುಕಿಸಿದರು. ಮೇಘಶ್ರೀಯ ತಾಯಿ ಇನ್ನೊಂದು ಗೋಣಿಚೀಲ ಅದ್ದಿ ತಂದು ಬಾಗಿಲಿಗೆ ಕಟ್ಟಿದಳು. ಸಂಜೆಗೆ ಆಸ್ಪತ್ರೆಗೆ ಕರೆದೊಯ್ಯಲು ಆಂಬುಲೆನ್ಸಿಗೆ ಹೇಳಿದೆ.

ಇಷ್ಟೇ ಕೆಲಸ. ಒಂದು ಕಿಟಕಿ, ಎರಡು ಗೋಣಿಚೀಲ, ಎರಡು ಚೊಂಬು ನೀರು, ಹೊಲದಲ್ಲಿ ಬಿದ್ದಿದ್ದ ದಂಟು. ನಮ್ಮ ಮನೆಯಲ್ಲಿ ಇದೆಲ್ಲವೂ ಇತ್ತು. ಆಡಿನ ಮಾಳಿಗೆ ಮನೆಯೂ ಇತ್ತು.

ತೊಂಬತ್ತೊಂಬತ್ತಕ್ಕೆ ಇಳಿದಾಗ ಕೂಸು ಚಿರ್ ಎಂದು ಅತ್ತಿತು, ತಾಯಿಯ ಎದೆಗೆ ಬಾಯಿ ಹಾಕಿತು. ಹೇಳಲೆಂದು ಹೊರಗೆ ಬಂದೆ. ಅತ್ತೆ ಬಿಸಿಲಲ್ಲಿ ಅಲ್ಲೇ ಕೂತಿದ್ದರು. ನೆರಳಿಗೆ ಬನ್ನಿ ಎಂದರೆ ಏಳಲಿಲ್ಲ. ಒಳಗೆ ಬರಲೂ ಒಪ್ಪಲಿಲ್ಲ, ಸೂತಕ ಇದೆ ಎಂದರು.

"ಕುಡಿತೈತಾ?" ಎಂದು ಕೇಳಿದರು.

"ಕುಡಿತೈತೆ ಅತ್ತೆ."

"ಮುಟ್ಟಿ ನೋಡಿದೇನು?"

"ನೋಡಿದೆ. ಇಳಿದೈತೆ."

ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು, ಸೀರೆಗೆ ಒರೆಸಿಕೊಂಡರು.

"ಇನ್ನೊಂದ್ಸಲ ನೋಡವ್ವ," ಎಂದರು. "ನನ್ ಕೈಗೆ ಗೊತ್ತಾಗಂಗಿಲ್ಲ."

ನಾನು ಮತ್ತೆ ಒಳಗೆ ಹೋಗಿ ಮುಟ್ಟಿ ನೋಡಿದೆ.